ಕಿಟಕಿ ಮುಚ್ಚಿ, ದೇಶ ಉಳಿಸಿ

ವಿಮಾನಯಾನ ನಿರ್ದೇಶನಾಲಯದವರಿಗೆ ಗೋವಾದ ವಾಸ್ಕೊ ಕನ್ನಡಿಗರ ಪರವಾಗಿ ಒಂದು ಉದ್ದಂಡ ನಮಸ್ಕಾರ. ದೇಶ ಕಾಯೋದು ಇಷ್ಟು ಅಗ್ಗ ಅಂತ ನಮಗೆ ಗೊತ್ತೇ ಇರಲಿಲ್ಲ. ಕ್ಷಿಪಣಿ ಬೇಡ, ರೇಡಾರ್ ಬೇಡ. ಅಂಗೈ ಅಗಲದ ಪ್ಲಾಸ್ಟಿಕ್ ಶಟರ್ ಒಂದನ್ನು ಕೆಳಗೆ ಎಳೆದರೆ ಮುಗಿಯಿತು.

2025ರ ಮೇ ತಿಂಗಳಲ್ಲಿ ಬಂದ ಆ ಆದೇಶ ಎಲ್ಲರೂ ಓದಿದ್ದೀರಿ. ಸೇನೆಯ ರನ್‌ವೇ ಬಳಸುವ ನಿಲ್ದಾಣಗಳಲ್ಲಿ ವಿಮಾನ ಹತ್ತು ಸಾವಿರ ಅಡಿ ಏರುವವರೆಗೆ ಕಿಟಕಿ ಮುಚ್ಚಿರಬೇಕು. ಇಳಿಯುವಾಗಲೂ ಅಷ್ಟೇ. ಫೋಟೋ, ವಿಡಿಯೊ ನಿಷಿದ್ಧ. ಪುಣೆಯ ಲೋಹಗಾಂವ್ ಆ ಲೆಕ್ಕಕ್ಕೆ ಬಂತು, ನಮ್ಮ ದಾಬೋಲಿಂ ಕೂಡ ಬಂತು. ಇಷ್ಟು ವರ್ಷ ಇದೇ ವಿಮಾನಗಳಲ್ಲಿ ಏರುವಾಗ, ಇಳಿಯುವಾಗ 'ದಯವಿಟ್ಟು ಕಿಟಕಿ ತೆರೆದಿಡಿ' ಅಂತ ಬೇಡಿಕೊಳ್ಳುತ್ತಿದ್ದರು. ಎಂಜಿನ್ನಿಗೆ ಬೆಂಕಿ ಹತ್ತಿದರೆ ಒಳಗಿದ್ದವರಿಗೆ ಕಾಣಲಿ ಅಂತ. ಈಗ ಬೆಂಕಿಯೂ ಗೌಪ್ಯ.

ಆದೇಶದಲ್ಲಿ ಒಂದು ವಿನಾಯಿತಿ ಇದೆ ನೋಡಿ, ಅದನ್ನು ಬರೆದ ಅಧಿಕಾರಿಗೆ ಶಾಲು ಹೊದಿಸಬೇಕು. ತುರ್ತು ಬಾಗಿಲಿನ ಪಕ್ಕದ ಕಿಟಕಿ ಮಾತ್ರ ತೆರೆದಿಡಬಹುದು! ಅಂದರೆ ಗೂಢಚಾರರು ಇನ್ನು ಮುಂದೆ ಎಲ್ಲೆಂದರಲ್ಲಿ ಕೂರುವಂತಿಲ್ಲ. ಕಾಲು ಚಾಚುವ ಸೀಟಿಗೆ ಜಾಸ್ತಿ ದುಡ್ಡು ಕೊಟ್ಟು ಕೂರಬೇಕು. ಗಗನಸಖಿ ಬಂದು ಬಗ್ಗಿ ನಿಂತು, 'ಸರ್, ತುರ್ತು ಸಮಯದಲ್ಲಿ ನಮಗೆ ಸಹಾಯ ಮಾಡ್ತೀರಾ?' ಅಂತ ಕೇಳುತ್ತಾಳೆ. ಆತ ಅತ್ಯಂತ ವಿನಯದಿಂದ ಒಪ್ಪಿಕೊಳ್ಳುತ್ತಾನೆ. ಆಮೇಲೆ ಅವನ ಊರಿನ ಇಲಾಖೆಯಲ್ಲಿ ಪ್ರವಾಸ ಭತ್ಯೆಯ ಬಿಲ್ಲು ಪಾಸಾಗಬೇಕಲ್ಲ? ಅಲ್ಲೊಬ್ಬ ಹೆಡ್ ಕ್ಲರ್ಕ್ ಇದ್ದೇ ಇರುತ್ತಾನೆ. 'ಕಾಲು ಚಾಚಲು ಹೆಚ್ಚುವರಿ ಶುಲ್ಕ ಏಕೆ? ಸಮಜಾಯಿಷಿ ಕೊಡಿ' ಅಂತ ಕೆಂಪು ಶಾಯಿಯಲ್ಲಿ ಬರೆದು ಕಡತ ವಾಪಸ್ ಕಳಿಸುತ್ತಾನೆ. ಶತ್ರುವನ್ನು ಹೀಗೆ ಆಡಿಟ್ಟಿನಲ್ಲಿ ಸಿಕ್ಕಿಸಿ ಕೊಲ್ಲುವ ಉಪಾಯ ಚಾಣಕ್ಯನಿಗೂ ಹೊಳೆದಿರಲಿಕ್ಕಿಲ್ಲ.

ಇರಲಿ. ಈ ದಾಬೋಲಿಂನಲ್ಲಿ ಮುಚ್ಚಿಡಬೇಕಾದ್ದು ಏನಿದೆ ಅಂತ ಬೆಂಗಳೂರಿನವರು ಕೇಳಬಹುದು. ಬೇಕಾದಷ್ಟಿದೆ. ಬೀಚಿಗೆ ಬರುವ ನಿಮಗೆ ಅದು ಗೋವಾ ಏರ್‌ಪೋರ್ಟ್. ನಮಗೆ ಅದು ನೇವಿ. ಕಾಗದದಲ್ಲಿ ಐಎನ್‌ಎಸ್ ಹಂಸ. ರನ್‌ವೇ ನೌಕಾಪಡೆಯದು, ಪ್ರಯಾಣಿಕರ ವಿಮಾನ ಅಲ್ಲಿ ಬಾಡಿಗೆದಾರ. ವಾರದ ದಿನಗಳಲ್ಲಿ ಬೆಳಗ್ಗೆ ಎಂಟೂವರೆಯಿಂದ ಮಧ್ಯಾಹ್ನದ ತನಕ ಯುದ್ಧವಿಮಾನಗಳ ತಾಲೀಮು. ಆಗ ಉಳಿದವರು ಸುಮ್ನೆ ಹೊರಗಿರಬೇಕು. ಅದಕ್ಕೇ ನಮ್ಮ ನೆಂಟರೆಲ್ಲ ಅಪರಾತ್ರಿಯಲ್ಲಿ ಬಂದಿಳಿಯುತ್ತಿದ್ದದ್ದು. ಉತ್ತರ ಗೋವಾದ ಮೋಪಾದಲ್ಲಿ ಹೊಸ ನಿಲ್ದಾಣ ಶುರುವಾದದ್ದು 2023ರ ಜನವರಿಯಲ್ಲಿ. ಅಲ್ಲಿಂದ ವಾಸ್ಕೊಗೆ ಬರುವ ಟ್ಯಾಕ್ಸಿ ಬಾಡಿಗೆ ಕೇಳಿದ ಮೇಲೆ ಅಪರಾತ್ರಿಯೇ ವಾಸಿ ಅನ್ನಿಸಿದೆ, ಅದು ಬೇರೆ ಮಾತು.

ಈ ನಿಲ್ದಾಣವನ್ನು ನೇವಿ ಕಟ್ಟಿದ್ದಲ್ಲ. 1955ರಲ್ಲಿ ಪೋರ್ಚುಗೀಸರು ಕಟ್ಟಿದ್ದು. ಭಾರತ ಆಗ ಗೋವಾಕ್ಕೆ ಆರ್ಥಿಕ ದಿಗ್ಬಂಧನ ಹಾಕಿತ್ತು. ನೆಲದ ದಾರಿ ಮುಚ್ಚಿದಾಗ ಅವರು ಆಕಾಶದಲ್ಲಿ ದಾರಿ ಮಾಡಿಕೊಂಡರು. ಆರು ವರ್ಷ ಬಿಟ್ಟು, 1961ರ ಡಿಸೆಂಬರ್ 18ರ ಬೆಳಗ್ಗೆ, ಪುಣೆಯಿಂದ ಎದ್ದ 12 ಕ್ಯಾನ್‌ಬೆರಾ ವಿಮಾನಗಳು ಬಂದು ಮೊದಲ ಸುತ್ತಿನಲ್ಲೇ 28 ಟನ್ನಿಗೂ ಜಾಸ್ತಿ ಬಾಂಬು ಸುರಿದವು. ರನ್‌ವೇ ಮಾತ್ರ ಒಡೀರಿ, ಟರ್ಮಿನಲ್ ಮುಟ್ಟಬೇಡಿ ಅಂತ ಅಪ್ಪಣೆಯಾಗಿತ್ತು. ಮುಂದೆ ನಮಗೇ ಬೇಕಾಗುತ್ತಲ್ಲ! ಅಲ್ಲೇ ನಿಂತಿದ್ದ ಎರಡು ದೊಡ್ಡ ವಿಮಾನಗಳನ್ನೂ ಬಿಟ್ಟರು. ಹೇಗೂ ನಾಳೆ ಕೈಗೆ ಸಿಗುತ್ತವೆ ಅನ್ನೋ ಲೆಕ್ಕ.

ಸಿಗಲಿಲ್ಲ. ಅದೇ ರಾತ್ರಿ ಪೋರ್ಚುಗೀಸರು ರನ್‌ವೇಯ ಗುಂಡಿಗಳನ್ನು ಅಷ್ಟಿಷ್ಟು ಮುಚ್ಚಿದರು. ಹೆಂಗಸರು ಮಕ್ಕಳನ್ನು ಹತ್ತಿಸಿಕೊಂಡು, ಕತ್ತಲಲ್ಲಿ, ಉಳಿದಿದ್ದ ತುಂಡು ರನ್‌ವೇಯಲ್ಲೇ ಎರಡೂ ವಿಮಾನ ಎಬ್ಬಿಸಿಬಿಟ್ಟರು. ಅವು ಹೋಗಿ ಇಳಿದದ್ದು ಎಲ್ಲಿ ಗೊತ್ತಾ? ಕರಾಚಿಯಲ್ಲಿ. ನಮ್ಮ ಪಂಚಾಯಿತಿಯವರು ಮುಖ್ಯರಸ್ತೆಯ ಗುಂಡಿ ಮುಚ್ಚಲು ಎರಡು ಮಳೆಗಾಲ ತಗೊಳ್ಳುತ್ತಾರೆ. ಅಂಥವರಿಗೆ ಆ ರಾತ್ರಿಯ ಕಥೆಯನ್ನು ವರ್ಷಕ್ಕೊಮ್ಮೆ ಕಡ್ಡಾಯವಾಗಿ ಓದಿ ಹೇಳಬೇಕು. ದಾಬೋಲಿಂನ ಇತಿಹಾಸದಲ್ಲಿ ಯಾರ ಕಣ್ಣಿಗೂ ಬೀಳದೆ ನಡೆದ ದೊಡ್ಡ ಕಾರ್ಯಾಚರಣೆ ಅದೊಂದೇ ಇರಬೇಕು. ಮಾಡಿದ್ದು ಎದುರಾಳಿಗಳು. ಅವರು ಕಿಟಕಿ ಮುಚ್ಚಿದ್ದರೋ ಇಲ್ಲವೋ, ದಾಖಲೆಯಲ್ಲಿಲ್ಲ.

ಮರುದಿನ ಗೋವಾ ನಮ್ಮದಾಯಿತು. 1962ರಲ್ಲಿ ನಿಲ್ದಾಣ ನೌಕಾಪಡೆಯ ಕೈಗೆ ಬಂತು. ಹಂಸ ಅನ್ನುವ ಹೆಸರಿನ ನೆಲೆ ಮೊದಲು ಇದ್ದದ್ದು ಕೊಯಮತ್ತೂರಿನ ಹತ್ತಿರ ಸೂಲೂರಿನಲ್ಲಿ, ಅಲ್ಲಿ ಸಮುದ್ರವೇ ಇಲ್ಲ! 1964ರಲ್ಲಿ ಹಂಸ ಕೊನೆಗೂ ನೀರಿನ ಪಕ್ಕ ಬಂದು ಕೂತಿತು. ಆಮೇಲೆ ಇಲ್ಲಿ ಏನೇನೆಲ್ಲ ಹಾರಿಲ್ಲ ಹೇಳಿ. ಸೀ ಹಾಕ್, ಅಲಿಝೆ, ನಿಂತಲ್ಲೇ ಇಳಿಯುತ್ತಿದ್ದ ಸೀ ಹ್ಯಾರಿಯರ್. ಹ್ಯಾರಿಯರ್ ಬರುವ ಸದ್ದಿಗೆ ನಿಲ್ದಾಣದ ಪಕ್ಕದ ಚಿಕಾಳಿಯ ಮನೆಗಳಲ್ಲಿ ಕಪಾಟಿನ ಲೋಟ ಜರುಗಿ ಅಂಚಿಗೆ ಬರುತ್ತಿದ್ದವು. 2016ರಲ್ಲಿ ಅದಕ್ಕೆ ನಿವೃತ್ತಿಯಾಯಿತು. ಲೋಟ ಮಾತ್ರ ಈಗಲೂ ಜರುಗುತ್ತವೆ, ಮಿಗ್-29ಕೆ ಇದೆಯಲ್ಲ. ಜಲಾಂತರ್ಗಾಮಿ ಹುಡುಕುವ ವಿಮಾನ, ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಎತ್ತಿ ತರುವ ಹೆಲಿಕಾಪ್ಟರ್, ಎಲ್ಲವೂ ಇಲ್ಲಿವೆ. ಪಶ್ಚಿಮ ಕರಾವಳಿಯಲ್ಲಿ ನೌಕಾಪಡೆಯ ಮುಖ್ಯ ರೆಕ್ಕೆ ಇರುವುದು ಈ ಗುಡ್ಡದ ಮೇಲೆ. ಅದರ ಬಗ್ಗೆ ನಮಗೆ ಹೆಮ್ಮೆ ಇದೆ, ಇದನ್ನು ತಮಾಷೆಗೆ ಹೇಳುತ್ತಿಲ್ಲ.

ತಮಾಷೆ ಏನೆಂದರೆ, ಇದೆಲ್ಲ ನನಗೆ ಯಾವ ಕಿಟಕಿಯಿಂದಲೂ ಗೊತ್ತಾದದ್ದಲ್ಲ. ಅವರೇ ಹೇಳಿದ್ದು. ಬೊಗ್ಮಾಳೊ ರಸ್ತೆಯಲ್ಲಿ 1998ರಿಂದ ನೌಕಾ ವಿಮಾನಗಳ ಮ್ಯೂಸಿಯಂ ಇದೆ. ಟಿಕೆಟ್ ತಗೊಂಡರೆ ಹ್ಯಾರಿಯರ್ ಪಕ್ಕ ನಿಂತು ಸೆಲ್ಫಿ ತೆಗೆಯಬಹುದು. ನಮ್ಮ ಶಾಲೆಯ ಮಕ್ಕಳೆಲ್ಲ ತೆಗೆದಿದ್ದಾರೆ. ಕರಾಚಿಗೆ ಹಾರಿದವಲ್ಲ, ಅದರಲ್ಲೊಂದರ ಜಾತಿಯದೇ ಸೂಪರ್ ಕಾನ್‌ಸ್ಟೆಲೇಶನ್ ಕೂಡ ಅಲ್ಲಿ ಮಳೆಗೆ ನೆನೆಯುತ್ತ ನಿಂತಿದೆ. ಯುದ್ಧನೌಕೆಯ ಮೇಲಿಂದ ಏರುವುದನ್ನು ಕಲಿಯಲು ನೆಲೆಯೊಳಗೆ ಕಟ್ಟಿದ ಇಳಿಜಾರು ಇದೆ. 2014ರಲ್ಲಿ ನೌಕಾ ತೇಜಸ್ ಅದರ ಮೇಲಿಂದ ಜಿಗಿದಾಗ ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಉಪಗ್ರಹದ ನಕ್ಷೆಯಲ್ಲಿ ರನ್‌ವೇಯ ಬಿಳಿ ಪಟ್ಟಿಗಳನ್ನು ಎಣಿಸಬಹುದು. ವಿಮಾನ ಹತ್ತುವ ಮೊದಲು ಟರ್ಮಿನಲ್ಲಿನ ಗಾಜಿನ ಮುಂದೆ ಎರಡು ತಾಸು ಕೂತು ವಡಾ ತಿನ್ನುತ್ತ ನೋಡಿದರೂ ಯಾರೂ ಕೇಳುವುದಿಲ್ಲ. ವಿಮಾನದೊಳಗೆ ಕೂತು ಬೆಲ್ಟು ಬಿಗಿದ ಮೇಲೆ ಮಾತ್ರ ನಾವು ಅಪಾಯಕಾರಿ ಮನುಷ್ಯರಾಗುತ್ತೇವೆ.

ಮೊನ್ನೆ ಬೆಂಗಳೂರಿಗೆ ಹೊರಟಿದ್ದೆ. ನನ್ನ ಪಕ್ಕ, ಕಿಟಕಿಯ ಹತ್ತಿರ, ರೋಣ ಕಡೆಯ ಒಬ್ಬ ಕಾಕಾ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಬೋರ್ಡಿಂಗ್ ಪಾಸು ನಾಲ್ಕು ಮಡಿಕೆಯಾಗಿ ಕೂತಿತ್ತು. ಮೊದಲನೇ ಸಲ ವಿಮಾನ ಹತ್ತಿದ್ದರು. ಮಗ ಕಿಟಕಿ ಸೀಟಿಗೆ ಅಂತಲೇ ಬೇರೆ ದುಡ್ಡು ಕಟ್ಟಿದ್ದನಂತೆ. ಗಗನಸಖಿ ಬಂದು ಶಟರ್ ಎಳೆಯಿರಿ ಅಂದಳು.

'ಯಾಕವಾ ತಂಗಿ? ಬಿಸಲ ಇಲ್ಲಲ್ಲ?'

'ಸರ್, ಡಿಫೆನ್ಸ್ ಏರ್‌ಪೋರ್ಟ್. ಹೊರಗೆ ನೋಡೋ ಹಾಗಿಲ್ಲ.'

ಕಾಕಾ ನನ್ನ ಕಡೆ ತಿರುಗಿದರು. 'ಅಲ್ಲೋ ತಮ್ಮಾ, ಆ ಕಂಪೌಂಡ್ ಗ್ವಾಡಿ ಕಟ್ಟಿದಾಂವ ನಾನ ಅದೀನಿ. ಗೌಂಡಿ ಕೆಲಸಾ ಮಾಡ್ಕೋತ ಬೈನಾದಾಗ ಅರ್ಧಾ ಆಯುಷ್ಯ ಕಳದೀನಿ. ಒಳಗ ಯಾವ ಗಟಾರ ಎಲ್ಲಿಗಿ ಹೊಕ್ಕೈತಿ ಅಂತ ಬರದ ಕೊಡ್ಲೇನ?'

ಬೇಡ ಕಾಕಾ, ದಯವಿಟ್ಟು ಬರೆದು ಕೊಡಬೇಡಿ ಅಂದೆ. ಅವರು ನಕ್ಕರು. 'ಹೋಗ್ಲಿ ಬಿಡು, ದೇಶದ ಕೆಲಸ' ಅಂತ ಶಟರ್ ಎಳೆದರು. ಅರ್ಧಕ್ಕೇ ಸಿಕ್ಕಿಕೊಂಡಿತು. ಗೌಂಡಿಯ ಹೆಬ್ಬೆರಳು, ಒತ್ತಿದರೆ ಕೇಳುತ್ತದೆಯೇ? ಕಟಕ್ಕನೆ ಕೆಳಗೆ ಕೂತಿತು. ಹತ್ತು ಸಾವಿರ ಅಡಿ ದಾಟಿ ತೆರೆಯುವಷ್ಟರಲ್ಲಿ ಕೆಳಗೆ ಬರೀ ಮೋಡ. ಮಗ ಕಟ್ಟಿದ ದುಡ್ಡಿಗೆ ಕಾಕಾ ನೋಡಿದ್ದು ಅಷ್ಟೇ.

ಇಲ್ಲಿಗೆ ನನ್ನ ತಮಾಷೆಯ ಸ್ಟಾಕು ಮುಗಿಯಿತು. ಯಾಕೆಂದರೆ ಗುಟ್ಟುಗಳು ಹೊರಗೆ ಹೋದದ್ದು ಹೇಗೆ ಅಂತ ನಮಗೆ ಗೊತ್ತಿದೆ. 2016ರಲ್ಲಿ ಸ್ಕಾರ್ಪೀನ್ ಜಲಾಂತರ್ಗಾಮಿಯ ವಿವರ ಆಸ್ಟ್ರೇಲಿಯಾದ ಪತ್ರಿಕೆಯೊಂದರ ಕೈಗೆ ಸಿಕ್ಕಿತು. ಮುಂಬೈನ ಮಜಗಾಂವ್ ಡಾಕಿನಲ್ಲಿ ನಾವು ಕಟ್ಟುತ್ತಿದ್ದ ಅದೇ ಸ್ಕಾರ್ಪೀನ್. ಎಷ್ಟು ಪುಟ? 22,400. ಅಷ್ಟು ಪುಟಗಳನ್ನು ಯಾವ ಪ್ರಯಾಣಿಕನೂ ಸೀಟಿನ ಕಿಟಕಿಯಿಂದ ಮೊಬೈಲಲ್ಲಿ ಕ್ಲಿಕ್ಕಿಸಿರಲಿಲ್ಲ. 2019ರಲ್ಲಿ ಬೇಹುಗಾರಿಕೆಯ ಆರೋಪದ ಮೇಲೆ ನೌಕಾಪಡೆಯ ಸಿಬ್ಬಂದಿಯನ್ನೇ ಹಿಡಿದರು. ಫೇಸ್‌ಬುಕ್ಕಿನಲ್ಲಿ ಹೆಣ್ಣಿನ ಹೆಸರಲ್ಲಿ ಗಾಳ ಹಾಕಿದ್ದರಂತೆ. ಅದಾದ ಮೇಲೆಯೇ ನೆಲೆಗಳಲ್ಲಿ, ಹಡಗುಗಳಲ್ಲಿ ಸ್ಮಾರ್ಟ್‌ಫೋನು, ಫೇಸ್‌ಬುಕ್ಕು ಬಂದ್ ಮಾಡಿದ್ದು. ಅಂದರೆ ಸೋರಿದ್ದು ಒಳಗಿನಿಂದ. ಕಡತದಿಂದ, ಕಂಪ್ಯೂಟರಿನಿಂದ, ಸಂಬಳ ತಗೊಳ್ಳುವವರ ಜೇಬಿನ ಫೋನಿನಿಂದ. ಆದರೆ ಕಣ್ಣು ಮುಚ್ಚು ಅಂತ ಯಾರಿಗೆ ಹೇಳೋದು? ಟಿಕೆಟ್ ಕೊಂಡವನಿಗೆ. ಅವನಿಗೆ ಹೇಳೋದು ಸುಲಭ, ಅವನು ಎದುರಾಡುವುದಿಲ್ಲ.

ವಾಸ್ಕೊದಲ್ಲಿ ಇದು ನಮಗೆ ಹೊಸದೂ ಅಲ್ಲ. ಎಲ್ಲೋ ಏನೋ ಆಯಿತು ಅಂದರೆ ಮರುದಿನ ಬಿರ್ಲಾ, ಬೈನಾ ಬಡಾವಣೆಗಳ ಬಾಡಿಗೆ ಖೋಲಿಗಳಿಗೆ ಪೊಲೀಸರು ಬರುತ್ತಾರೆ. ಆಧಾರ್ ತೋರಿಸಿ, ಮಾಲೀಕರ ಸಹಿ ತನ್ನಿ, ಎರಡು ಫೋಟೋ ಕೊಡಿ. ಗದಗ, ಬಾಗಲಕೋಟೆ, ಕೊಪ್ಪಳದಿಂದ ಬಂದು ಇಲ್ಲಿಯ ಇಟ್ಟಿಗೆ ಹೊತ್ತವರು ತಾವು ಯಾರು ಅಂತ ಇನ್ನೂ ಸಾಬೀತು ಮಾಡುತ್ತಲೇ ಇದ್ದಾರೆ. ಕೂಲಿ ಬಿಟ್ಟು ಠಾಣೆಯ ಮುಂದೆ ಸಾಲು ನಿಲ್ಲುತ್ತಾರೆ. ಬೇಸರ ಬಂದಿದೆ. ಭದ್ರತೆ ಅಂದರೆ ಪ್ರತಿ ಸಲವೂ ಕೈಗೆ ಸಿಗುವವನನ್ನು ಹಿಡಿದು ಕೂರಿಸೋದಾ?

ಇನ್ನೊಂದು ಸುದ್ದಿಯನ್ನು ನೀವು ಗಮನಿಸಿರಲೂಬಹುದು. ಕಿಟಕಿ ಮುಚ್ಚುವ ಆದೇಶ ಬಂದ ಅದೇ ಮೇ ತಿಂಗಳಲ್ಲಿ ಜುವಾರಿ ನದಿಯ ಹೊಸ ಸೇತುವೆಯ ಮೇಲೆ ವೀಕ್ಷಣಾ ಗೋಪುರಗಳಿಗೆ ಕೇಂದ್ರ ಸಚಿವರು ಅಡಿಗಲ್ಲು ಹಾಕಿದರು. ಎತ್ತರ 125 ಮೀಟರ್. ಖರ್ಚು 270 ಕೋಟಿ ರೂಪಾಯಿ. ಮೇಲೆ ತಿರುಗುವ ರೆಸ್ಟೋರೆಂಟು. ಸೇತುವೆಯಿಂದ ದಾಬೋಲಿಂ ಅಂಥ ದೂರವೇನಲ್ಲ. ಒಂದು ಇಲಾಖೆ ಹತ್ತು ಸಾವಿರ ಅಡಿಯವರೆಗೆ ನೋಡಬೇಡಿ ಅನ್ನುತ್ತದೆ. ಇನ್ನೊಂದು ಇಲಾಖೆ ಬನ್ನಿ, ಕೂತು ಉಣ್ಣುತ್ತಾ ನಾಲ್ಕೂ ದಿಕ್ಕು ನೋಡಿ ಅನ್ನುತ್ತದೆ. ಮೊದಲನೆಯವರು ಎರಡನೆಯವರನ್ನು ತಡೆಯುವಂತಿಲ್ಲ, ಗೋಪುರ ಹಾರುವುದಿಲ್ಲವಲ್ಲ.

ಚಿಕಾಳಿಯಲ್ಲಿ ನನ್ನ ಪರಿಚಯದವರೊಬ್ಬರು ಮನೆಯ ಮೇಲೊಂದು ಮಹಡಿ ಎತ್ತಲು ಹೊರಟಿದ್ದಾರೆ. ರನ್‌ವೇ ಹತ್ತಿರ ಅಂತ ಎತ್ತರದ ಲೆಕ್ಕ ಕೊಟ್ಟು ನೇವಿಯ ಎನ್‌ಒಸಿ ತರಬೇಕು. ನಕ್ಷೆ ಕೊಟ್ಟಾಗಿದೆ, ಮತ್ತೊಂದು ಪ್ರತಿ ಕೇಳಿದ್ದಾರೆ, ಅದನ್ನೂ ಕೊಟ್ಟಾಗಿದೆ. 'ಮಹಡಿ ಬೇಡ, ಮೇಲೊಂದು ತಿರುಗುವ ರೆಸ್ಟೋರೆಂಟ್ ಅಂತ ಅರ್ಜಿ ಬದಲಾಯಿಸಿ' ಅಂತ ಹೇಳಿದ್ದೇನೆ. ಸೋಮವಾರ ಹೋಗಿ ಕೇಳುತ್ತಾರಂತೆ.