ಯಾಟ್ ಬಾಡಿಗೆ ಅಂತ ಹೇಳೋದೊಂದು, ಕಟ್ಟಿಸ್ಕೊಳ್ಳೋದು ಇನ್ನೊಂದು

ಯಾಟ್ ಬಾಡಿಗೆಗೆ ಕೊಡಿಸೋ ಈ ಚಾರ್ಟರ್ ಬ್ರೋಕರ್‌ಗಳಿಗೆ ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ? ಕ್ರೂ (ಬೋಟಿನ ಸಿಬ್ಬಂದಿ) ಸಮೇತ ಮೋಟಾರ್ ಯಾಟ್ ಅಂದ್ರೆ ಎಂಜಿನ್ ಮೇಲೆ ಓಡೋ ಐಷಾರಾಮಿ ಬೋಟು, ದ್ವೀಪ ಸುತ್ತೋಕೆ ವಾರಕ್ಕೆ ಇಷ್ಟು ಅಂತ ದಪ್ಪಕ್ಷರದಲ್ಲಿ ಹಾಕ್ತಾರೆ, ಕೆಳಗಡೆ ಇರುವೆ ಗಾತ್ರದಲ್ಲಿ 'ಖರ್ಚು ಪ್ರತ್ಯೇಕ'. ಯಾವ ಖರ್ಚು ಅಂದ್ರೆ ಡೀಸೆಲ್ಲು, ಊಟ, ಡ್ರಿಂಕ್ಸು, ಮರೀನಾದಲ್ಲಿ ನಿಲ್ಸೋ ಬಾಡಿಗೆ, ಬಂದರು ಫೀಸು, ಎಲ್ಲಾನೂ! ಇದಕ್ಕೆ ಎಪಿಎ (ಅಡ್ವಾನ್ಸ್ ಪ್ರಾವಿಷನಿಂಗ್ ಅಲೋವೆನ್ಸ್, ಅಂದ್ರೆ ಖರ್ಚಿನ ಮುಂಗಡ) ಅಂತ ಹೆಸರು, ಬಾಡಿಗೆಯ 30-35% ಹತ್ರ ಮುಂಚೇನೇ ಕಟ್ಟಿಸ್ಕೋತಾರೆ. ಟ್ಯಾಕ್ಸ್ ಬೇರೆ. ಕ್ರೂಗೆ ಟಿಪ್ಸ್ ಬೇರೆ.

ಎಪಿಎ ತಗೊಳ್ಳೋದೇ ತಪ್ಪು ಅಂತಿಲ್ಲ ನಾನು. ಅದು ನಮ್ಮ ದುಡ್ಡು, ಕ್ಯಾಪ್ಟನ್ ಕೈಲಿರತ್ತೆ, ಬಿಲ್ ಇಟ್ಟು ಖರ್ಚು ಮಾಡ್ಬೇಕು, ಉಳಿದಿದ್ದು ವಾಪಸ್ ಕೊಡ್ಬೇಕು. ಆದ್ರೆ ನಾವು ಯಾಟ್ ಬಾಡಿಗೆಗೆ ತಗೊಂಡಾಗ ನಮಗೆ ಲೆಕ್ಕ ಸಿಕ್ಕಿದ್ದು ಯಾವಾಗ ಗೊತ್ತಾ, ಕೊನೇ ದಿನ ಬ್ಯಾಗ್ ಇಳಿಸ್ತಿರೋವಾಗ, ಅದೂ ನೀವು ಇನ್ನೂ ದುಡ್ಡು ಕೊಡ್ಬೇಕು ಅನ್ನೋ ಮಾತಿನ ಜೊತೆ. ಒಂದೇ ಒಂದು ಹಾಳೆ. ಅದ್ರಲ್ಲಿ 'ಇಂಧನ' ಅಂತ ಒಂದು ಸಾಲು, ಮುಂದೆ ಒಂದು ಮೊತ್ತ, ಅಷ್ಟೇ. ಎಷ್ಟು ಲೀಟರ್, ಎಂಜಿನ್ ಎಷ್ಟು ಗಂಟೆ ಓಡ್ತು, ಜನರೇಟರ್ ಎಷ್ಟು ಗಂಟೆ, ಏನೂ ಇಲ್ಲ. ಬಂಕ್ ರಸೀದಿ ಎಲ್ಲಿ ಅಂದ್ರೆ ಆಫೀಸಿಂದ ಮೇಲ್ ಬರತ್ತೆ ಅಂದ್ರು. ಇವತ್ತಿನವರೆಗೂ ಬಂದಿಲ್ಲ.

ಹೊಟ್ಟೆ ಉರಿಯೋದು ಇಲ್ಲೇ. 24 ಮೀಟರ್ ಆಸುಪಾಸಿನ ಪ್ಲೇನಿಂಗ್ ಬೋಟು (ಸ್ಪೀಡಲ್ಲಿ ನೀರಿನ ಮೇಲೆ ಎದ್ದು ಜಾರೋ ಬೋಟು) 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಮೇಲೆ ಓಡಿದ್ರೆ ಗಂಟೆಗೆ 300 ಲೀಟರ್ ಡೀಸೆಲ್ ಕುಡಿಯೋದು ದೊಡ್ಡ ವಿಷಯನೇ ಅಲ್ಲ. ಅದೇ 10 ನಾಟ್‌ನಲ್ಲಿ ಹೋದ್ರೆ ಟೈಮ್ ಡಬಲ್ ಆದ್ರೂ ಅದೇ ದೂರಕ್ಕೆ ಡೀಸೆಲ್ ಎಷ್ಟೋ ಕಮ್ಮಿ. ನಮಗೇನು ಅರ್ಜೆಂಟ್ ಇತ್ತು, ರಜಾ ಮೇಲೆ ಬಂದೋರು, ನಿಧಾನಕ್ಕೆ ಹೋಗೋಣ ಅಂತ ಮೊದಲ್ನೇ ದಿನನೇ ಹೇಳಿದ್ವಿ, ಕ್ಯಾಪ್ಟನ್ ಹೂಂ ಹೂಂ ಅಂದು ಲಂಗರು ಎತ್ತಿದ ತಕ್ಷಣ ಥ್ರಾಟಲ್ ಮುಂದಕ್ಕೆ, ನಮಗಿಂತ ಬೇಗ ಮುಂದಿನ ಬೇ (ಕೊಲ್ಲಿ) ತಲುಪೋ ಆಸೆ ಅವರಿಗೇ. ಗಾಳಿ ಜೋರಿದೆ, ಇವತ್ತು ಹೊರಡಲ್ಲ ಅಂತ ಕ್ಯಾಪ್ಟನ್ ಅಂದಾಗ ನಾವು ತುಟಿ ಪಿಟಕ್ ಅನ್ಲಿಲ್ಲ, ಆ ತೀರ್ಮಾನ ಅವರದ್ದೇ. ಆದ್ರೆ ಶಾಂತವಾಗಿರೋ ನೀರಲ್ಲಿ ನಮ್ಮ ದುಡ್ಡು ಸುಡೋಕೆ ಯಾರು ಪರ್ಮಿಶನ್ ಕೊಟ್ರು?

ಬ್ರೋಕರ್‌ಗೆ ಫೋನ್ ಮಾಡಿದ್ರೆ ಕಾಂಟ್ರ್ಯಾಕ್ಟಲ್ಲಿ ಬರೆದಿದೆ ನೋಡಿ ಅಂತಾರೆ. ಕಾಂಟ್ರ್ಯಾಕ್ಟಲ್ಲಿ ಲೆಕ್ಕ ಕೊಡ್ಬೇಕು ಅಂತನೂ ಬರೆದಿದೆ ಸ್ವಾಮಿ, ಅದನ್ನ ಯಾಕೆ ಓದಲ್ಲ? ರಸೀದಿ ಬರೋವರೆಗೂ ಆ ಬಾಕಿ ನಾನು ಕಟ್ಟಲ್ಲ.