1.33 ಬಂದರೆ ಏನು ಮಾಡಬೇಕು?

ಕಲಬುರಗಿಯ ಪಿಯುಸಿ ತರಗತಿಯಲ್ಲಿ ಎಂಪಿರಿಕಲ್ ಫಾರ್ಮುಲಾ (ಸಂಯುಕ್ತದಲ್ಲಿ ಧಾತುಗಳ ಪರಮಾಣುಗಳ ಅತಿ ಸರಳ ಅನುಪಾತ ಹೇಳುವ ಸೂತ್ರ) ಎಂದರೆ ಬೋರ್ಡಿನ ಮೇಲಿನ ಕೋಷ್ಟಕ: ಧಾತು, ಶೇಕಡಾ, ಪರಮಾಣು ತೂಕ, ಭಾಗಲಬ್ಧ, ಕೊನೆಗೆ ಸರಳ ಅನುಪಾತ. ನಾನೀಗ ಇರುವ ಇಂಗ್ಲೆಂಡಿನಲ್ಲಿ ಇದೇ ಪಾಠಕ್ಕೆ ಮಕ್ಕಳು ಮೂಸೆಯಲ್ಲಿ ಮೆಗ್ನೀಸಿಯಂ ಪಟ್ಟಿ ಸುಡುವುದುಂಟು. ಲೆಕ್ಕದ ಶಿಸ್ತಿಗೆ ನಮ್ಮ ಕೋಷ್ಟಕವೇ ಮೇಲು. ಆದರೆ ಯಾವ ದಶಮಾಂಶವನ್ನು ಪೂರ್ಣಾಂಕ ಮಾಡಬಹುದು, ಯಾವುದನ್ನು ಕೂಡದು ಎಂಬುದು ಸುಟ್ಟು ತೂಗಿದವರಿಗೇ ಚೆನ್ನಾಗಿ ತಿಳಿಯುತ್ತದೆ.

ಒಂದು ಆಕ್ಸೈಡಿನಲ್ಲಿ ಕಬ್ಬಿಣ ಶೇ. 72.36, ಆಮ್ಲಜನಕ ಶೇ. 27.64 ಇದೆ ಅನ್ನಿ. ಪರಮಾಣು ತೂಕಗಳಾದ 55.85 ಮತ್ತು 16ರಿಂದ ಭಾಗಿಸಿದರೆ 1.296, 1.728, ಅನುಪಾತ 1 : 1.33. ಅದನ್ನು 1 ಎಂದು ಬರೆದರೆ ಬೇರೆಯದೇ ಆಕ್ಸೈಡಾಯಿತು. ಮೂರರಿಂದ ಗುಣಿಸಬೇಕು: 3 ಕಬ್ಬಿಣ, 4 ಆಮ್ಲಜನಕ, ಅಂದರೆ ಮ್ಯಾಗ್ನೆಟೈಟ್. 1.5 ಬಂದರೆ ಎರಡರಿಂದ, 1.25 ಬಂದರೆ ನಾಲ್ಕರಿಂದ. ನಡುವೆಯೇ 1.3, 1.7 ಎಂದು ಮೊಟಕುಗೊಳಿಸಿದವರಿಗೆ 1.31 ಬಂದು, ಮೂರೋ ನಾಲ್ಕೋ ತಿಳಿಯದೆ ಪೇಚಾಟ.

ಮೂಸೆಯ ಲೆಕ್ಕ ಬೇರೆ. 0.24 ಗ್ರಾಂ ಮೆಗ್ನೀಸಿಯಂ ಪೂರ್ತಿ ಉರಿದರೆ 0.40 ಗ್ರಾಂ ಆಗಬೇಕು. ತಕ್ಕಡಿ 0.39 ತೋರಿಸಿದರೆ ಆಮ್ಲಜನಕ 0.15 ಗ್ರಾಂ, ಪರಮಾಣು ತೂಕಗಳಿಂದ ಭಾಗಿಸಿದರೆ ಅನುಪಾತ 1 : 0.94. ಇದನ್ನು ಧೈರ್ಯವಾಗಿ 1 ಅನ್ನಬಹುದು, ಏಕೆಂದರೆ 0.01 ಗ್ರಾಂ ಆ ತಕ್ಕಡಿಯ ಮಿತಿಯೇ. ಇನ್ನೂ ಕಡಿಮೆ ಬಂದರೆ ಕಾರಣ ಹುಡುಕಬೇಕು. ಮುಚ್ಚಳ ಎತ್ತದಿದ್ದರೆ ಗಾಳಿ ಸಾಲದೆ ಲೋಹ ಉಳಿಯುತ್ತದೆ. ಹೆಚ್ಚು ಎತ್ತಿದರೆ ಬಿಳಿ ಹೊಗೆಯಾಗಿ ಆಕ್ಸೈಡೇ ಹಾರಿಹೋಗುತ್ತದೆ. ಬಿಸಿ ಮೂಸೆಯನ್ನು ತೂಗಿದರೆ ಮೇಲೇಳುವ ಗಾಳಿಯಿಂದ ತೂಕ ಕಡಿಮೆ ಕಾಣುತ್ತದೆ. ಗಾಳಿಯ ಸಾರಜನಕದ ಜೊತೆ ಸೇರಿ ನೈಟ್ರೈಡ್ ಆಗಿದ್ದರೂ ತೂಕ ಕಡಿಮೆಯೇ. ತಣಿದ ಮೇಲೆ ಎರಡು ಹನಿ ನೀರು ಹಾಕಿ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕಾಯಿಸಬೇಕು. ಆಗ ಅಮೋನಿಯಾ ಹೋಗಿ ಆಕ್ಸೈಡ್ ಉಳಿಯುತ್ತದೆ. ಸತತ ಎರಡು ತೂಕ ಒಂದೇ ಬರುವವರೆಗೆ ಬಿಡಬಾರದು. ನಮ್ಮ ಪ್ರಾಕ್ಟಿಕಲ್‌ನಲ್ಲಿ ಟೈಟ್ರೇಶನ್ನಿಗೆ ಇರುವ ಮರ್ಯಾದೆ ಈ ಮೂಸೆಗಿಲ್ಲ.

ಮೂಸೆಗೂ ಕೋಷ್ಟಕಕ್ಕೂ ಸಮನಾಗಿ ಕಾಣದ ಒಂದು ಸಂಗತಿ ಇದೆ: ವಸ್ತು ಸಂಯುಕ್ತವೋ ಅಲ್ಲವೋ ಎಂಬುದು. ಬಿದ್ರಿ ಲೋಹದಲ್ಲಿ ತೂಕದಲ್ಲಿ 16 ಪಾಲು ಸತುವಿಗೆ 1 ಪಾಲು ತಾಮ್ರ ಎಂದಿಟ್ಟುಕೊಂಡು ಕೋಷ್ಟಕಕ್ಕೆ ಹಾಕಿ. ಸುಮಾರು 15.5 : 1 ಬರುತ್ತದೆ, ಎರಡರಿಂದ ಗುಣಿಸಿದರೆ 31 ಸತು, 2 ತಾಮ್ರ. ಲೆಕ್ಕದಲ್ಲಿ ತಪ್ಪೇನಿಲ್ಲ, ಆದರೆ ಅದು ಮಿಶ್ರಲೋಹ. ಬೀದರಿನ ಪರೀಕ್ಷೆಯಲ್ಲಿ ಇದನ್ನೇ ಕೇಳಿ, ‘ಸೂತ್ರವಿಲ್ಲ’ ಎಂದು ಬರೆದವರಿಗೆ ಪೂರ್ಣ ಅಂಕ ಕೊಡಬೇಕು.