ಸ್ಪ್ರಿಂಗು ಇರುವುದು ಯಾರ ಕಣ್ಣಿಗೆ?

ಬೆಳಿಗ್ಗೆ ನೋಡಿದ್ದನ್ನು ಇಲ್ಲಿ ಬರೆದು ಹಗುರಾಗದಿದ್ದರೆ ಇಡೀ ದಿನ ಮನೆಯವರ ಮೇಲೆ ಸಿಡುಕುತ್ತಿರುತ್ತೇನೆ. ಏರಿನಲ್ಲಿ ಒಬ್ಬ ಹುಡುಗ, ಹತ್ತು ವರ್ಷದವನಿರಬಹುದು, ಹೊಚ್ಚಹೊಸ ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದ. ಮುಂದೊಂದು ಸ್ಪ್ರಿಂಗು, ಸೀಟಿನ ಕೆಳಗೆ ಇನ್ನೊಂದು, ಅವನ ತೋಳಿಗಿಂತ ದಪ್ಪನೆಯ ಟೈರು, ಮೈತುಂಬ ಬೆಂಕಿಯ ಸ್ಟಿಕ್ಕರು. ಹಿಂದಿನಿಂದ ಅಪ್ಪನ ಗದರಿಕೆ: "ಇಪ್ಪತ್ತೊಂದು ಗೇರು ಇದೆಯಲ್ಲ, ತುಳಿಯುವುದಕ್ಕೇನು ಧಾಡಿ?" ಹುಡುಗ ಉತ್ತರ ಕೊಡಲಿಲ್ಲ. ಉಸಿರು ಉಳಿದಿದ್ದರೆ ತಾನೇ ಕೊಡುವುದು!

ಮೂರು ತಿಂಗಳಿಂದ ನಾನು ಬಿಚ್ಚಿ ಹರಡಿಕೊಂಡಿರುವ ಹಳೆಯ ಮೌಂಟನ್ ಬೈಕಿನ ಫೋಟೋಗಳನ್ನು ನೋಡಿ ನೋಡಿ ನಿಮಗೆಲ್ಲ ಸಾಕಾಗಿದೆ ಎಂದು ಗೊತ್ತು. "ಮಗಳಿಗೊಂದು ಹೊಸದು ಕೊಡಿಸಬಾರದೇ, ಈ ಗುಜರಿ ಯಾಕೆ?" ಎಂದು ಇಲ್ಲಿಯೇ ನಾಲ್ಕು ಜನ ಕೇಳಿದ್ದೀರಿ. ಉತ್ತರ ಇವತ್ತು ಬೆಳಿಗ್ಗೆ ಆ ಏರಿನಲ್ಲಿ ಏದುಸಿರು ಬಿಡುತ್ತಿತ್ತು.

ನನ್ನ ಮಗಳ ತೂಕ 30 ಕಿಲೋ. ಅವಳ ಹಿಂದಿನ ಸೈಕಲ್ಲನ್ನು ಒಮ್ಮೆ ತಕ್ಕಡಿಗೆ ತೂಗುಹಾಕಿದೆ: 15 ಕಿಲೋಗೆ ಸ್ವಲ್ಪ ಹೆಚ್ಚು. ಅಂದರೆ ಅವಳ ಅರ್ಧ. 70 ಕಿಲೋ ತೂಗುವ ನೀವು 35 ಕಿಲೋ ಸೈಕಲ್ ತುಳಿದು ಏರು ಹತ್ತಿ ಬನ್ನಿ, ಆಮೇಲೆ ಮಕ್ಕಳ ಸೋಮಾರಿತನದ ಬಗ್ಗೆ ಮಾತನಾಡೋಣ. ಅದೂ ಹೋಗಲಿ, ಆ ಸ್ಪ್ರಿಂಗಾದರೂ ಕೆಲಸ ಮಾಡುತ್ತದೆಯೇ? ಮುಂದಿನ ಚಕ್ರವನ್ನು ಹಿಡಿದಿರುವ ಕವೆ ಇದೆಯಲ್ಲ, ಆ ಅಗ್ಗದ ಫೋರ್ಕಿನ ಸ್ಪ್ರಿಂಗು ಎಷ್ಟು ಬಿರುಸಾಗಿರುತ್ತದೆ ಎಂದರೆ ಮಗುವಿನ ತೂಕಕ್ಕೆ ಅದು ಕುಗ್ಗುವುದೇ ಇಲ್ಲ. ಒಂದು ವೇಳೆ ಕುಗ್ಗಿತೋ, ಹಿಡಿದು ನಿಧಾನವಾಗಿ ಬಿಡುವ ವ್ಯವಸ್ಥೆ ಒಳಗಿಲ್ಲದ ಕಾರಣ ಚಿಮ್ಮಿ ಕೈಗೇ ಹೊಡೆಯುತ್ತದೆ. ಹಿಂದಿನ ಸ್ಪ್ರಿಂಗಿನದು ಇನ್ನೊಂದು ಕಥೆ. ಮಗು ಪೆಡಲಿಗೆ ಹಾಕುವ ಬಲದಲ್ಲಿ ಒಂದು ಪಾಲನ್ನು ಅದೇ ನುಂಗಿಕೊಂಡು ಮೇಲೆ ಕೆಳಗೆ ಕುಣಿಯುತ್ತದೆ. ಅದನ್ನು ಇಟ್ಟಿರುವುದು ಮಗುವಿನ ಬೆನ್ನಿಗಲ್ಲ, ಅಂಗಡಿಯಲ್ಲಿ ನಿಂತ ಅಪ್ಪ ಅಮ್ಮನ ಕಣ್ಣಿಗೆ.

"ಮೌಂಟನ್ ಬೈಕ್ ಎಂದಮೇಲೆ ಸಸ್ಪೆನ್ಶನ್ ಬೇಡವೇ?" ಎನ್ನುವವರಿಗೆ ಒಂದು ಮಾತು. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಗುಡ್ಡಗಳಲ್ಲಿ ಕೆಲವು ಹುಡುಗರು ಇಳಿಜಾರಿನ ಪಂದ್ಯ ಶುರುಮಾಡಿದಾಗ ಅವರ ಕೈಯಲ್ಲಿದ್ದದ್ದು ದಶಕಗಳಷ್ಟು ಹಳೆಯ, ದಪ್ಪ ಟೈರಿನ ಕಬ್ಬಿಣದ ಸೈಕಲ್ಲುಗಳು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಕೆಳಗೆ ಬರುವಷ್ಟರಲ್ಲಿ ಚಕ್ರದ ನಡುವಿನ ಗುಂಬ, ಅಂದರೆ ಹಬ್ಬಿನೊಳಗಿನ ಗ್ರೀಸ್ ಸುಟ್ಟು ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿತ್ತು. ಆದ್ದರಿಂದಲೇ ಆ ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರು ಬಂತು. 1981ರಲ್ಲಿ ಮಾರುಕಟ್ಟೆಗೆ ಬಂದ ಸ್ಟಂಪ್‌ಜಂಪರ್ ಎಂಬ ಮೌಂಟನ್ ಬೈಕಿಗೂ ಸ್ಪ್ರಿಂಗು ಇರಲಿಲ್ಲ. ಈ ಇಡೀ ವಂಶವೇ ಗುಜರಿಯಿಂದ ಹುಟ್ಟಿದ್ದು ಸ್ವಾಮಿ, ನನ್ನ ವರಾಂಡವನ್ನು ಮಾತ್ರ ಯಾಕೆ ಬೈಯುತ್ತೀರಿ!

ನನಗೆ ಸಿಕ್ಕಿದ್ದು ಕ್ರೋಮೊಲಿ ಉಕ್ಕಿನ, ಚಿಕ್ಕ ಅಳತೆಯ ಫ್ರೇಮು. 26 ಅಂಗುಲದ ಚಕ್ರ, ಎಳೆದರೆ ಎರಡು ತೋಳು ರಿಮ್ಮನ್ನು ಕಚ್ಚುವ ಹಳೆಯ ಕ್ಯಾಂಟಿಲಿವರ್ ಬ್ರೇಕು, ಹೆಬ್ಬೆರಳಿನಿಂದ ತಳ್ಳುವ ಗೇರು. ಸೀಟಿನ ಕೊಳವೆ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಉಕ್ಕಿನ ಫ್ರೇಮಿನೊಳಗೆ ಅಲ್ಯುಮಿನಿಯಂ ಕೊಳವೆ ವರ್ಷಗಟ್ಟಲೆ ಒದ್ದೆಯಾಗಿ ಕೂತರೆ ಎರಡೂ ಬೆಸುಗೆ ಹಾಕಿದಂತೆ ಒಂದಾಗಿಬಿಡುತ್ತವೆ. ಫ್ರೇಮನ್ನು ತಲೆಕೆಳಗೆ ಮಾಡಿ ಒಳಗಿನಿಂದ ಎಣ್ಣೆ ಬಿಟ್ಟು ನಾಲ್ಕು ದಿನ ಕಾದೆ. ಕೊನೆಗೆ ಕೊಳವೆಯ ತುದಿಯನ್ನು ವೈಸಿಗೆ ಕಚ್ಚಿಸಿ, ಇಡೀ ಫ್ರೇಮನ್ನೇ ಸನ್ನೆಗೋಲಿನಂತೆ ಹಿಡಿದು ತಿರುಗಿಸಿದಾಗ ಕಿರ್ರೆಂದು ಅತ್ತುಕೊಂಡು ಬಂತು. ಆ ಸದ್ದಿಗೆ ನಾನು ಹಾಕಿದ ಕೂಗನ್ನು ಬೀದಿಯವರು ಇನ್ನೂ ಮರೆತಿಲ್ಲ.

ಅಷ್ಟರಲ್ಲಿ ನಮ್ಮ ಭಾವ ಬಂದರು. ಹೆಂಗಸಿನ ಕೈಯಲ್ಲಿ ಸ್ಪ್ಯಾನರ್ ಕಂಡರೆ ಕೆಲವರಿಗೆ ಕೈ ಕಡಿಯುತ್ತದೆ. "ಬಿಡಮ್ಮ, ನಾನು ಬಿಚ್ಚುತ್ತೇನೆ" ಎಂದು ಎಡಗಡೆಯ ಪೆಡಲಿಗೆ ಜೋತುಬಿದ್ದರು. ಎಡ ಪೆಡಲಿನ ತಿರುಪು ಉಲ್ಟಾ ಎಂದು ಎರಡು ಸಲ ಹೇಳಿದೆ. ಕೇಳಲಿಲ್ಲ. ಹತ್ತು ನಿಮಿಷ ಬೆವರು ಹರಿಸಿ ಅದನ್ನು ಇನ್ನಷ್ಟು ಬಿಗಿ ಮಾಡಿ, ಕಾಫಿ ಕುಡಿದು ಹೋದರು.

ಹಬ್ಬುಗಳ ಕೆಲಸ ಮಾತ್ರ ನನಗೆ ಹಬ್ಬ. ಹಿಂದಿನ ಚಕ್ರಕ್ಕೆ ಕಾಲಂಗುಲದ ಗುಂಡುಗಳು, ಒಂದೊಂದು ಬದಿಗೆ ಒಂಬತ್ತು. ಮುಂದಿನದಕ್ಕೆ ಇನ್ನೂ ಚಿಕ್ಕವು, ಬದಿಗೆ ಹತ್ತು. ಹಳೆಯವನ್ನೆಲ್ಲ ಎಸೆದು ಹೊಸ ಗುಂಡು, ಹೊಸ ಗ್ರೀಸ್. ಆಕ್ಸಲ್ಲನ್ನು ಕೂದಲೆಳೆಯಷ್ಟು ಸಡಿಲ ಬಿಡಬೇಕು; ಚಕ್ರವನ್ನು ಫ್ರೇಮಿಗೆ ಕೂರಿಸಿ ಅದನ್ನು ಬಿಗಿಯುವ ಲಿವರ್ ಮಡಚಿದಾಗ ಆ ಸಡಿಲ ತಾನೇ ಮಾಯವಾಗುತ್ತದೆ. ಸರಿಯಾಗಿ ಕೂತ ಚಕ್ರವನ್ನು ಬೆರಳಲ್ಲಿ ತಿರುಗಿಸಿ ಬಿಟ್ಟರೆ ಟ್ಯೂಬಿನ ವಾಲ್ವಿನ ಭಾರಕ್ಕೇ ಹಿಂದೆ ಮುಂದೆ ತೂಗಿ ತೂಗಿ ನಿಲ್ಲುತ್ತದೆ. ಅದನ್ನು ನೋಡುತ್ತಾ ಒಂದು ದಿನ ಸಾರು ಸೀಯಿಸಿದ್ದೇನೆ.

ಹಳೆಯದು ಅಪಾಯವಲ್ಲವೇ ಎಂಬ ಪ್ರಶ್ನೆಯೂ ಬಂತು. ಅಪಾಯವೇ, ನೋಡದೆ ಕೊಟ್ಟರೆ. ಬೆಸುಗೆಗಳಲ್ಲಿ ಬಿರುಕಿದೆಯೇ, ಬ್ರೇಕು ತಿಕ್ಕಿ ತಿಕ್ಕಿ ರಿಮ್ಮಿನ ಗೋಡೆ ಸವೆದಿದೆಯೇ ಎಂದು ದೀಪ ಹಿಡಿದು ನೋಡಿದ್ದೇನೆ. ಟೈರು, ಕೇಬಲ್, ಬ್ರೇಕಿನ ರಬ್ಬರ್, ಚೈನು, ಹ್ಯಾಂಡಲ್ ಎಲ್ಲವೂ ಹೊಸವು. ಹೊಸ ಸೈಕಲ್ಲಿನ ಸ್ಪ್ರಿಂಗನ್ನು ಕಣ್ಣುಮುಚ್ಚಿ ನಂಬುವವರು ನನಗೆ ಸುರಕ್ಷತೆಯ ಪಾಠ ಹೇಳುವುದು ಬೇಡ.

ಬೇರೆಯವರ ಗಮನಕ್ಕೇ ಬಾರದ ಒಂದು ವಿಷಯವಿದೆ, ಪೆಡಲನ್ನು ಹಿಡಿದು ತಿರುಗುವ ತೋಳು, ಅಂದರೆ ಕ್ರ್ಯಾಂಕು. ದೊಡ್ಡವರ 175 ಮಿಲಿಮೀಟರಿನ ಕ್ರ್ಯಾಂಕನ್ನು ಚಿಕ್ಕ ಕಾಲಿಗೆ ಕೊಟ್ಟರೆ ಪ್ರತಿ ಸುತ್ತಿಗೂ ಮಂಡಿ ಎದೆಗೆ ಬರುತ್ತದೆ. 152ರದ್ದು ಹಾಕಿದೆ. ಬ್ರೇಕಿನ ಲಿವರಿನಲ್ಲಿರುವ ಪುಟ್ಟ ತಿರುಪನ್ನು ತಿರುಗಿಸಿ ಅವಳ ಬೆರಳಿಗೆ ಎಟುಕುವಷ್ಟು ಒಳಗೆ ತಂದೆ. ಒಂದು ನಿಮಿಷದ ಕೆಲಸ. ಎಷ್ಟು ಮಕ್ಕಳು ಬೆರಳು ಎಟುಕದೆ ಕಾಲನ್ನು ನೆಲಕ್ಕೆ ಉಜ್ಜಿ ಸೈಕಲ್ ನಿಲ್ಲಿಸುತ್ತಾರೆ, ನೋಡಿದ್ದೀರಾ?

ಈಗ ಹೇಳಲೇಬೇಕಾದದ್ದು. ಆ 15 ಕಿಲೋ ಸೈಕಲ್ಲನ್ನು ಎರಡು ವರ್ಷದ ಹಿಂದೆ ಕೊಡಿಸಿದವಳು ನಾನೇ. ಎರಡೂ ಸ್ಪ್ರಿಂಗನ್ನು ಅಂಗಡಿಯಲ್ಲಿ ಒತ್ತಿ ಒತ್ತಿ ನೋಡಿ, "ಎಷ್ಟು ಗಟ್ಟಿಯಾಗಿದೆ ನೋಡು" ಎಂದು ಹೆಮ್ಮೆಪಟ್ಟಿದ್ದೆ. ಅವಳು ತುಳಿಯುವುದನ್ನು ಬಿಟ್ಟಾಗ ಮೊಬೈಲಿನ ಮೇಲೆ ತಪ್ಪು ಹೊರಿಸಿದೆ. ಬೆಳಿಗ್ಗೆ ಆ ಅಪ್ಪನ ಮೇಲೆ ಅಷ್ಟು ಸಿಟ್ಟು ಬಂದದ್ದು ಯಾಕೆಂದು ಈಗ ನಿಮಗೆ ಅರ್ಥವಾಗಿರಬೇಕು.

ಮೂಲ ಬಣ್ಣವನ್ನೇ ಉಳಿಸಬೇಕೆಂದು ನನ್ನ ಹಟ, ಹಳದಿ ಬೇಕೆಂದು ಅವಳ ಹಟ. ಹಳೆಯ ಬೈಕಿನ ಭಕ್ತರು ಕ್ಷಮಿಸಬೇಕು, ಹಳದಿ ಗೆದ್ದಿತು. ನಿನ್ನೆ ಸಂಜೆ ತಕ್ಕಡಿಯಲ್ಲಿ 11 ಕಿಲೋ 400 ಗ್ರಾಂ ತೋರಿಸಿತು. ನಾನು ಗ್ರೀಸ್ ಕೈ ಒರೆಸಿಕೊಳ್ಳುವಷ್ಟರಲ್ಲಿ ಅವಳೇ ಎತ್ತಿ ಮೂರು ಮೆಟ್ಟಿಲು ಇಳಿಸಿಕೊಂಡು ಹೋಗಿಬಿಟ್ಟಿದ್ದಳು.

ಎಡಗಡೆಯ ಗೇರಿನ ಲಿವರ್ ಇನ್ನೂ ಜಾರುತ್ತಿದೆ. ಯಾರ ಅಟ್ಟದಲ್ಲಾದರೂ ಹೆಬ್ಬೆರಳಿನಿಂದ ತಳ್ಳುವ ಹಳೆಯ ಗೇರ್ ಲಿವರ್ ಬಿದ್ದಿದ್ದರೆ ತಿಳಿಸಿ. ಹೊಸ ಸೈಕಲ್ ಕೊಡಿಸು ಎನ್ನುವವರು ಮಾತ್ರ ದಯವಿಟ್ಟು ಏನನ್ನೂ ತಿಳಿಸಬೇಡಿ.